ದೊಡ್ಡಮ್ಮನ ಅಖಂಡ ಕೆನಡಾ

ನಮ್ಮ ದೊಡ್ಡಮ್ಮ ಹ್ಯೂಸ್ಟನ್ ಪಕ್ಕದ ಕೇಟಿಯಲ್ಲಿದ್ದಾರೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ನಂಬಬೇಡಿ. ಅವರ ಮಂಚ, ಕುಕ್ಕರು, ಬಿಪಿ ಮಾತ್ರೆ ಮತ್ತು ದೊಡ್ಡಪ್ಪ, ಇಷ್ಟು ಮಾತ್ರ ಕೇಟಿಯಲ್ಲಿರುವುದು. ದೊಡ್ಡಮ್ಮ ಇರುವುದು ಕೆನಡಾದಲ್ಲಿ!

ಹೊರಗೆ ಬಿಸಿಲಿಗೆ ಕಾರಿನ ಸ್ಟೀರಿಂಗ್ ಮುಟ್ಟಲಾಗದಂತೆ ಕಾದಿರುತ್ತದೆ. ಆಸ್ಟಿನ್‌ನಿಂದ ಮೂರು ಗಂಟೆ ಡ್ರೈವ್ ಮಾಡಿಕೊಂಡು ಬೆವರು ಸುರಿಸುತ್ತಾ ನಾನು ಒಳಗೆ ಬಂದರೆ ದೊಡ್ಡಮ್ಮ ಫೋನ್ ನೋಡುತ್ತಾ, "ಇವತ್ತು ನಮ್ಮಲ್ಲಿ ಒಂಬತ್ತು ಡಿಗ್ರಿ ಕಣೇ, ಒಳ್ಳೆ ಗಾಳಿ" ಅನ್ನುತ್ತಾರೆ. ನಮ್ಮಲ್ಲಿ ಅಂದರೆ ಕ್ಯಾಲ್ಗರಿ. ದೊಡ್ಡಪ್ಪನಿಗೆ ಅಲ್ಲಿ ನೆಲದಿಂದ ಕಚ್ಚಾ ಎಣ್ಣೆ ತೆಗೆಯುವ ಕಂಪನಿಯಲ್ಲಿ ಕೆಲಸವಿತ್ತು, ದೊಡ್ಡಮ್ಮನಿಗೆ ಊರಿನ ಬಸ್ಸುಗಳ ವೇಳಾಪಟ್ಟಿ ಮಾಡುವ ಆಫೀಸಿನಲ್ಲಿ. ಮೂವತ್ತು ವರ್ಷ ಅಲ್ಲಿದ್ದು, ರಿಟೈರ್ ಆಗಿ, ಮಗ ಇಲ್ಲಿ ಎಂಜಿನಿಯರ್ ಅಂತ ಕೇಟಿಗೆ ಶಿಫ್ಟ್ ಆದರು. ಶಿಫ್ಟ್ ಆದದ್ದು ಸಾಮಾನು ಅಷ್ಟೇ ಅಂತ ಆಗಲೇ ಹೇಳಿದೆನಲ್ಲ!

ಈಗ ಈ ಕ್ಯಾಲ್ಗರಿ ಇರುವುದು ಆಲ್ಬರ್ಟಾ ಅನ್ನುವ ಪ್ರಾಂತ್ಯದಲ್ಲಿ. ಎಣ್ಣೆ ಸಿಗುವ ಪ್ರಾಂತ್ಯ. ಅಲ್ಲಿ ಒಂದಷ್ಟು ಜನಕ್ಕೆ ಕೆನಡಾ ಸಾಕಾಗಿದೆ. "ದುಡಿಯುವವರು ನಾವು, ದರ್ಬಾರು ಮಾಡುವವರು ದೂರದ ರಾಜಧಾನಿಯಲ್ಲಿ ಕೂತವರು. ನಾವು ಬೇರೆಯಾಗಿ ನಮ್ಮದೇ ದೇಶ ಮಾಡಿಕೊಳ್ಳುತ್ತೇವೆ, ಜನರ ಓಟಿಗೆ ಹಾಕಿ" ಅಂತ ಸಹಿ ಸಂಗ್ರಹಿಸುತ್ತಿದ್ದಾರೆ. ಈ ಸುದ್ದಿ ಕೇಳಿದ ದಿನದಿಂದ ದೊಡ್ಡಮ್ಮನ ಬಿಪಿ ಇಳಿದಿಲ್ಲ. "ದೇಶ ಅಂದರೆ ಮಸಾಲೆದೋಸೇನೇನೇ, ನಿನಗರ್ಧ ನನಗರ್ಧ ಅಂತ ಮುರಿಯೋಕೆ?" ಅಂತ ನನ್ನ ಮೇಲೆ ರೇಗುತ್ತಾರೆ. ನಾನೇನು ಮಾಡಿದ್ದೆ ಹೇಳಿ? ಆಸ್ಟಿನ್‌ನ ದ ಡೊಮೇನ್ ಅನ್ನುವ ಕಡೆ ಒಂದು ಆಫೀಸಿನಲ್ಲಿ ಕೋಡ್ ಬರೆದುಕೊಂಡು ನನ್ನ ಪಾಡಿಗೆ ನಾನಿದ್ದೆ!

ಡಾಲಸ್, ಹ್ಯೂಸ್ಟನ್, ಆಸ್ಟಿನ್ ಮೂರೂ ಕಡೆಯ ಕನ್ನಡಿಗರಿಗೆ ದೊಡ್ಡಮ್ಮ ಗೊತ್ತಾಗಿದ್ದು ಒಂದು ಯುಗಾದಿ ಊಟದಲ್ಲಿ. ಹಾಲ್‌ನಲ್ಲಿ ಅವರದು ಬಿಸಿಬೇಳೆಬಾತ್ ಬಡಿಸುವ ಡ್ಯೂಟಿ. ಡಾಲಸ್‌ನಿಂದ ಬಂದ ಒಬ್ಬ ತಟ್ಟೆ ಹಿಡಿದುಕೊಂಡು, "ಏನಾಂಟಿ, ಕೆನಡಾ ಇನ್ನೇನು ನಮ್ಮ ಐವತ್ತೊಂದನೇ ಸ್ಟೇಟ್ ಆಗತ್ತಂತೆ!" ಅಂದ. 'ನಮ್ಮ' ಅಂತೆ! ಪಾಪ, ಆತ ಇನ್ನೂ ವೀಸಾದ ಮೇಲಿದ್ದವನು.

ಸೌಟು ಗಾಳಿಯಲ್ಲೇ ನಿಂತಿತು.

"ಕೆನಡಾದಲ್ಲಿ ಹತ್ತು ಪ್ರಾಂತ್ಯ ಇವೆ. ಹೆಸರು ಹೇಳು, ಬಡಿಸ್ತೀನಿ."

ಆತ ನಕ್ಕ. ದೊಡ್ಡಮ್ಮ ನಗಲಿಲ್ಲ. ಆತ ಯೋಚಿಸಿ, "ಟೊರಾಂಟೊ?" ಅಂದ.

"ಅದು ಊರು! ಮುಂದೆ?"

ಮುಂದೆ ಏನಿದೆ, ಹಿಂದೆ ನಲವತ್ತು ಜನ ಕ್ಯೂ! ಎಲ್ಲರೂ ಒಂದು ಕೈಯಲ್ಲಿ ತಟ್ಟೆ, ಇನ್ನೊಂದು ಕೈಯಲ್ಲಿ ಫೋನ್ ಹಿಡಿದು ಪ್ರಾಂತ್ಯಗಳನ್ನು ಹುಡುಕತೊಡಗಿದರು. ಸಸ್ಕಾಚೆವಾನ್ ಅನ್ನುವ ಹೆಸರನ್ನು ಅಷ್ಟೊಂದು ಹಸಿದ ಕನ್ನಡಿಗರು ಒಟ್ಟಿಗೆ ಬಾಯಿಪಾಠ ಮಾಡಿದ್ದು ಚರಿತ್ರೆಯಲ್ಲಿ ಅದೇ ಮೊದಲಿರಬೇಕು.

ಕ್ಯೂನಲ್ಲಿ ಹುಬ್ಬಳ್ಳಿಯ ಹಿರಿಯರೊಬ್ಬರು ಇದ್ದರು. ಅವರು ಮೆತ್ತಗೆ, "ನಮ್ಮ ಕಡೆನೂ ಕೆಲವರು ಅಂತಾರ್ರೀ ಅಕ್ಕಾರ, ಉತ್ತರ ಕರ್ನಾಟಕ ಬ್ಯಾರೆ ಆಗಬೇಕಂತ" ಅಂದರು.

ದೊಡ್ಡಮ್ಮ ಕೆಂಡವಾದರು. "ಏನ್ರೀ ಹೀಗಂತೀರಿ? ಏಕೀಕರಣಕ್ಕೆ ನಮ್ಮಪ್ಪ ಮೈಸೂರಲ್ಲಿ ಮೆರವಣಿಗೆ ಮಾಡಿದ್ದರು, ಹುಬ್ಬಳ್ಳಿ ನಮ್ಮದಾಗಬೇಕು ಅಂತ!"

"ಭಾಳ ಚಲೋ ಮಾಡಿದ್ರು. ಆಮ್ಯಾಲೆ ಒಮ್ಮೆರ ಹುಬ್ಬಳ್ಳಿಗೆ ಬಂದಿದ್ರೇನ್ರೀ?"

ದೊಡ್ಡಮ್ಮ ಆ ಹಿರಿಯರ ತಟ್ಟೆಗೆ ಎರಡು ಸೌಟು ಹೆಚ್ಚಿಗೆ ಹಾಕಿ, ಮೇಲೆ ತುಪ್ಪ ಸುರಿದರು. ಮನೆಗೆ ಬರುವ ದಾರಿಯಲ್ಲಿ ಕಾರಿನಲ್ಲಿ ಒಂದೇ ಮಾತು: "ನಮ್ಮಪ್ಪ ಹೋಗೇ ಇರಲಿಲ್ಲ ಕಣೇ. ಒಂದು ಸಲವೂ ಹೋಗಿರಲಿಲ್ಲ."

ಆದರೆ ಈ ಪಶ್ಚಾತ್ತಾಪ ಕೇಟಿ ಮುಟ್ಟುವಷ್ಟರಲ್ಲಿ ಮುಗಿದಿತ್ತು. ಅಕ್ಕಿ ತರಲು ನಿಂತ ಅಂಗಡಿಯ ಪಾರ್ಕಿಂಗ್‌ನಲ್ಲಿ ಒಂದು ಪಿಕಪ್ ಟ್ರಕ್ಕು. ಅದರ ಹಿಂದೆ, ಟೆಕ್ಸಾಸ್ ಬೇರೆ ದೇಶವಾಗಲಿ ಅನ್ನುವ ಸ್ಟಿಕ್ಕರು! ಅಲ್ಲಿಂದ ಇಲ್ಲಿಗೆ ಬಂದರೆ ಇಲ್ಲೂ ಇದೇ ರೋಗವೇ? ನಾನು ಬೇಡ ಬೇಡ ಅನ್ನುತ್ತಿದ್ದಂತೆ ದೊಡ್ಡಮ್ಮ ಹೋಗಿ ಕಿಟಕಿ ತಟ್ಟಿದರು. ದೊಡ್ಡ ಟೋಪಿಯ, ಬಾಗಿಲಷ್ಟು ಅಗಲದ ಮನುಷ್ಯ ಇಳಿದ. ದೊಡ್ಡಮ್ಮ ಅವನ ಎದೆಮಟ್ಟಕ್ಕೂ ಬರುವುದಿಲ್ಲ.

"ಬೇರೆಯಾದ ಮೇಲೆ ನಿಮ್ಮ ತಾಯಿಯ ಪೆನ್ಷನ್ ಯಾರು ಕೊಡುತ್ತಾರೆ? ಪಕ್ಕದ ರಾಜ್ಯ ಒಕ್ಲಹೋಮಕ್ಕೆ ಹೋಗಲು ವೀಸಾ ತೆಗೆಸುತ್ತೀರಾ?" ಅಂತ ಇಂಗ್ಲಿಷಿನಲ್ಲಿ ಶುರು ಹಚ್ಚಿಕೊಂಡರು. ಆತ ಟೋಪಿ ತೆಗೆದು ಕೈಯಲ್ಲಿ ಹಿಡಿದು ಎಲ್ಲಕ್ಕೂ "ಯೆಸ್ ಮ್ಯಾಮ್" ಅಂದ. ಕೊನೆಗೆ, "ಇದನ್ನೆಲ್ಲ ನಾನು ಯೋಚಿಸಿರಲಿಲ್ಲ ಮ್ಯಾಮ್" ಅಂತ ಹೇಳಿ, ನಮ್ಮ ಅಕ್ಕಿ ಮೂಟೆಯನ್ನು ಹೆಗಲ ಮೇಲೆ ಹೊತ್ತು ತಂದು ನಮ್ಮ ಕಾರಿಗೆ ಹಾಕಿ ಕೈಮುಗಿದ. ನಿಜವಾಗಿ ಕೈಮುಗಿದ!

ದೊಡ್ಡಮ್ಮನಿಗೆ ಇನ್ನೂ ಕೋಪ ಬಂತು. "ಒಬ್ಬನಾದರೂ ಕೆಟ್ಟವನಿರಬಾರದೇನೇ? ಜಗಳ ಆಡೋಕೂ ಬಿಡಲ್ಲ, ದರಿದ್ರದವರು!"

ದೊಡ್ಡಪ್ಪ ಸಾಧು. ಆದರೆ ಸಾಧುಗಳೂ ಒಮ್ಮೊಮ್ಮೆ ಬಾಯಿಬಿಡುತ್ತಾರೆ. ಒಂದು ಬೆಳಿಗ್ಗೆ ಪೇಪರ್ ಓದುತ್ತಾ, "ಅವರ ಮಾತಲ್ಲೂ ಸ್ವಲ್ಪ ನ್ಯಾಯ ಇದೆ ಕಣೇ. ನಾನೂ ಆ ಎಣ್ಣೆಯಲ್ಲೇ ದುಡಿದವನು" ಅಂದುಬಿಟ್ಟರು.

"ಓಹೋ! ಹಾಗಾದರೆ ನೀವೂ ಬೇರೆ ದೇಶ. ನಾಳೆಯಿಂದ ನಿಮ್ಮ ಡಿಕಾಕ್ಷನ್ ನೀವೇ ಹಾಕಿಕೊಳ್ಳಿ."

ದೊಡ್ಡಪ್ಪ ಹಾಕಿಕೊಂಡರು. ದುರಂತ ಏನೆಂದರೆ, ಅವರ ಕಾಫಿ ಚೆನ್ನಾಗಿತ್ತು! ಎರಡನೇ ದಿನ ಮಗ ಅಪ್ಪನ ಫಿಲ್ಟರಿನಿಂದ ಕುಡಿದ, ಮೂರನೇ ದಿನ ಸೊಸೆ. ನಾಲ್ಕನೇ ದಿನ ದೊಡ್ಡಮ್ಮ ಫಿಲ್ಟರ್ ಕಿತ್ತುಕೊಂಡು ಏಕೀಕರಣ ಘೋಷಿಸಿದರು. ಯಾಕೆ ಅಂತ ಕೇಳಿದ್ದಕ್ಕೆ, "ಬೇರೆ ಹೋದವರು ಕಷ್ಟಪಡಬೇಕು ಕಣೇ. ಸುಖವಾಗಿದ್ದುಬಿಟ್ಟರೆ ನಾನು ಯಾವ ಬಾಯಲ್ಲಿ ಬುದ್ಧಿ ಹೇಳಲಿ?" ಅಂದರು.

ಓಟಿನ ವಿಷಯವೂ ಹೀಗೇ. ಕೆನಡಾದ ರಾಷ್ಟ್ರೀಯ ಚುನಾವಣೆಗೆ ಇಲ್ಲಿಂದ ಅಂಚೆಯಲ್ಲಿ ಓಟು ಹಾಕಬಹುದು. ಊಟದ ಮೇಜಿನ ಆ ತುದಿಗೆ ದೊಡ್ಡಪ್ಪ, ಈ ತುದಿಗೆ ದೊಡ್ಡಮ್ಮ, ಪರೀಕ್ಷೆಯಲ್ಲಿ ಕೂತ ಮಕ್ಕಳ ಹಾಗೆ ಕೈ ಅಡ್ಡ ಇಟ್ಟುಕೊಂಡು ಬರೆಯುತ್ತಾರೆ. ಮದುವೆಯಾದಾಗಿನಿಂದ ಇಬ್ಬರದೂ ಬೇರೆ ಬೇರೆ ಪಕ್ಷ. "ಒಬ್ಬರ ಓಟು ಇನ್ನೊಬ್ಬರು ಹೊಡೆದುಹಾಕ್ತೀರಿ. ಇಬ್ಬರೂ ಹಾಕದೇ ಇದ್ದರೆ ಲೆಕ್ಕ ಒಂದೇ ಅಲ್ವಾ?" ಅಂತ ನಾನು ಕೇಳಿದೆ. ದೊಡ್ಡಮ್ಮ ನನ್ನನ್ನು ಮರುಕದಿಂದ ನೋಡಿದರು. "ಅವರು ಹಾಕಲ್ಲ ಅಂತ ನಂಬೋದು ಹೇಗೆ?"

ಇಷ್ಟೆಲ್ಲ ಕೋಪದ ನಿಜವಾದ ಕಾರಣ ಎಣ್ಣೆಯೂ ಅಲ್ಲ, ರಾಜಧಾನಿಯೂ ಅಲ್ಲ. ಡೋರೀನ್!

ಡೋರೀನ್ ಕ್ಯಾಲ್ಗರಿಯಲ್ಲಿ ಇವರ ಪಕ್ಕದ ಮನೆಯಾಕೆ. ರೈತರ ಮನೆಯ ಹೆಂಗಸು, ದೊಡ್ಡಮ್ಮನಿಗಿಂತ ನಾಲ್ಕು ವರ್ಷ ದೊಡ್ಡವಳು. ದೊಡ್ಡಮ್ಮನಿಗೆ ಹಿಮದ ಮೇಲೆ ಕಾರು ಓಡಿಸಲು ಕಲಿಸಿದವಳು ಅವಳು. ಅವಳಿಗೆ ಚಿತ್ರಾನ್ನ ಕಲಿಸಿದವರು ಇವರು. ಆ ಡೋರೀನ್ ಈಗ ತನ್ನ ಗ್ಯಾರೇಜಿನಲ್ಲಿ ಮೇಜು ಹಾಕಿಕೊಂಡು ಬೇರೆಯಾಗುವುದಕ್ಕೆ ಸಹಿ ಸಂಗ್ರಹಿಸುತ್ತಿದ್ದಾಳೆ. "ನಾನು ಕೊಟ್ಟ ಮೇಜು ಅದು!" ಅಂತ ದೊಡ್ಡಮ್ಮ ಉರಿದುಬಿದ್ದರು.

ಪ್ರತಿ ಭಾನುವಾರ ಹತ್ತು ಗಂಟೆಗೆ ಇಬ್ಬರಿಗೂ ಫೋನಿನಲ್ಲಿ ಯುದ್ಧ. ಡೋರೀನಳಿಗೆ ಮೂರು ಸಿಟ್ಟು: ಒಂದನೆಯದು ಎಣ್ಣೆ, ಎರಡನೆಯದು ಜನ ಹೆಚ್ಚಿರುವ ಪೂರ್ವದ ಪ್ರಾಂತ್ಯಗಳ ಓಟುಗಳನ್ನು ಎಣಿಸುವಷ್ಟರಲ್ಲೇ ಸರ್ಕಾರ ತೀರ್ಮಾನವಾಗಿ ತಮ್ಮ ಓಟಿಗೆ ಬೆಲೆಯೇ ಇರುವುದಿಲ್ಲ ಅನ್ನುವುದು, ಮೂರನೆಯದು ಮನೆ. ಅವಳ ರಸ್ತೆಯಲ್ಲಿ ಒಂದು ಮನೆ ಇದ್ದ ಜಾಗದಲ್ಲಿ ಎಂಟು ಮನೆ ಕಟ್ಟಬಹುದು ಅಂತ ಹೊಸ ನಿಯಮ ಆಗಿದೆ. ಇದೂ ರಾಜಧಾನಿಯವರ ಕಿತಾಪತಿಯೇ ಅನ್ನುತ್ತಾಳೆ ಅವಳು. "ಕಟ್ಟಲಿ! ಮಕ್ಕಳಿಗೆ ಮನೆ ಬೇಡವೇ?" ಅನ್ನುತ್ತಾರೆ ಇವರು.

ಈ ಆವೇಶದಲ್ಲೇ ದೊಡ್ಡಮ್ಮ ಕೇಟಿಯಲ್ಲೂ ರಣರಂಗಕ್ಕಿಳಿದರು. ಬಡಾವಣೆಯ ಹಿಂದಿನ ಬಯಲಲ್ಲಿ ನಾಲ್ಕು ಮಹಡಿಯ ಅಪಾರ್ಟ್‌ಮೆಂಟ್ ಬರುತ್ತದಂತೆ. ಬೇಡ ಅಂತ ಸಹಿ ಹಾಕಿದವರಲ್ಲಿ ಅರ್ಧ ನಮ್ಮವರೇ! ಬಡಾವಣೆಯ ಸಭೆಯಲ್ಲಿ ನಮ್ಮವನೇ ಒಬ್ಬ ಎದ್ದು, "ಅಪಾರ್ಟ್‌ಮೆಂಟ್ ಜನ ಬಂದರೆ ಏರಿಯಾ ಹಾಳಾಗತ್ತೆ" ಅಂದ. ದೊಡ್ಡಮ್ಮ ಎದ್ದರು.

"ನೀನು ಸ್ಟೂಡೆಂಟ್ ಆಗಿದ್ದಾಗ ಒಂದು ಅಪಾರ್ಟ್‌ಮೆಂಟ್‌ನಲ್ಲಿ ಎಷ್ಟು ಜನ ಇದ್ದಿರಪ್ಪಾ?"

"ಐದು ಜನ, ಆಂಟಿ."

"ಮಂಚ ಎಷ್ಟು?"

"...ಇರಲಿಲ್ಲ ಆಂಟಿ."

"ಏರಿಯಾ ಹಾಳಾಯ್ತಾ?"

ಸಭೆ ಗೊಳ್ಳೆಂದಿತು. ದೊಡ್ಡಮ್ಮ ಗೆದ್ದ ಖುಷಿಯಲ್ಲಿ ಮನೆಗೆ ಬಂದು ಫೋನ್ ತೆಗೆದರೆ ಡೋರೀನ್ ಒಂದು ಫೋಟೋ ಕಳಿಸಿದ್ದಳು. ಎಂಟು ಮನೆ ಕಟ್ಟಲು ಕೆಡವುತ್ತಿದ್ದದ್ದು ಇವರು ಮಾರಿ ಬಂದ ಮನೆಯನ್ನೇ. ಅಡುಗೆಮನೆಯ ಒಂದು ಗೋಡೆ ಮಾತ್ರ ನಿಂತಿತ್ತು, ಹಳದಿ ಬಣ್ಣದ್ದು. ಬಣ್ಣ ಬಳಿದಿದ್ದವರು ಡೋರೀನ್ ಮತ್ತು ಇವರು.

ದೊಡ್ಡಮ್ಮ ಆ ಗೋಡೆಯನ್ನು ಬೆರಳಲ್ಲಿ ದೊಡ್ಡದು ಮಾಡಿ ನೋಡಿದರು. ಆಮೇಲೆ, "ಎಂಟು ಮನೆ ಬರಲಿ. ಒಳ್ಳೇದೇ" ಅಂದರು. ಆ ಭಾನುವಾರ ಯುದ್ಧ ನಡೆಯಲಿಲ್ಲ.

ಮುಂದಿನ ಭಾನುವಾರ ಮತ್ತೆ ಶುರು! "ನಿನ್ನ ಹೊಸ ದೇಶಕ್ಕೆ ನಾನು ಬರಬೇಕಾದರೆ ಪಾಸ್‌ಪೋರ್ಟ್ ತೋರಿಸಬೇಕೇನೇ?" ಅಂತ ಇವರು. "ನಿನಗೆ ಬೇಡ, ಹಿಂದಿನ ಬಾಗಿಲಿಂದ ಬಾ" ಅಂತ ಅವಳು. "ನಾನು ಯಾಕೆ ಹಿಂದಿನ ಬಾಗಿಲಿಂದ ಬರಲಿ? ನಾನು ಅಲ್ಲಿನ ಪ್ರಜೆ!" ಅಂತ ಮತ್ತೆ ಇವರು. ಇವರು ಪ್ರಜೆಯೇ, ಸರಿ. ಆದರೆ ಬೇರೆಯಾಗುವ ಪ್ರಶ್ನೆ ಓಟಿಗೆ ಬಂದರೆ ಅಲ್ಲೇ ವಾಸವಾಗಿರುವವರಿಗೆ ಮಾತ್ರ ಹಕ್ಕು. ಡೋರೀನ್ ಹಾಕಬಹುದು, ದೊಡ್ಡಮ್ಮ ಹಾಕುವಂತಿಲ್ಲ. ಆ ಅನ್ಯಾಯದ ಬಗ್ಗೆ ಅವರು ಬರೆದ ಕಾಗದಗಳನ್ನು ಯಾವ ಆಫೀಸಿನವರು ಓದಿದರೋ, ದೇವರೇ ಅವರನ್ನು ಕಾಪಾಡಲಿ.

ಈ ಫೆಬ್ರವರಿಯಲ್ಲಿ ಡೋರೀನಳಿಗೆ ಸ್ಟ್ರೋಕ್ ಆಯಿತು. ಜೀವ ಉಳಿಯಿತು. ಬಲಗೈ ಹೋಯಿತು, ಮಾತು ಹೋಯಿತು. ಎಲ್ಲ ಅರ್ಥವಾಗುತ್ತದೆ, ಹೇಳಲು ಮಾತ್ರ ಆಗುವುದಿಲ್ಲ ಅಂತ ಅವಳ ಮಗಳು ಫೋನ್ ಮಾಡಿ ತಿಳಿಸಿದಳು. ದೊಡ್ಡಮ್ಮ ಆ ವಾರವೇ ಹೋಗಿ ನೋಡಿ ಬಂದರು. ಬಂದ ಮೇಲೆ ಟಿವಿಯಲ್ಲಿ ಆಲ್ಬರ್ಟಾ ಸುದ್ದಿ ಬಂದರೆ ಎದ್ದು ಹೋಗುತ್ತಿದ್ದರು. ಸ್ವಲ್ಪ ಬದಲಾವಣೆ ಆಗಲಿ ಅಂತ ನಾನು ಅವರನ್ನು ಆಸ್ಟಿನ್‌ಗೆ ಕರೆದುಕೊಂಡು ಬಂದೆ.

ಭಾನುವಾರ ಬೆಳಿಗ್ಗೆ ನಾನು ಅಡುಗೆಮನೆಯಲ್ಲಿ ಉಪ್ಪಿಟ್ಟಿಗೆ ಈರುಳ್ಳಿ ಹೆಚ್ಚುತ್ತಿದ್ದೆ. ಪಕ್ಕದ ರೂಮಿನಿಂದ ದೊಡ್ಡಮ್ಮನ ಮೈಸೂರು ಇಂಗ್ಲಿಷು ಜೋರಾಗಿ ಕೇಳಿಸಿತು. ಅಬ್ಬಾ, ಜಗಳ ಶುರುವಾಯಿತು, ಬದುಕಿದೆ ಅಂದುಕೊಂಡೆ. ಆಮೇಲೆ ಮಾತು ಕಿವಿಗೆ ಬಿತ್ತು. ಚಾಕು ಕೈಯಲ್ಲೇ ನಿಂತಿತು.

"ಎಣ್ಣೆ ನಮ್ಮದು! ದುಡಿಯುವವರು ನಾವು! ಎಷ್ಟು ವರ್ಷ ಅಂತ ಸಹಿಸೋದು? ಬೇರೆಯಾಗಲೇಬೇಕು!"

ಬಾಗಿಲಲ್ಲಿ ಇಣುಕಿದೆ. ಫೋನ್ ಸ್ಪೀಕರ್‌ನಲ್ಲಿತ್ತು. ಆ ಕಡೆಯಿಂದ ಒಂದು ಶಬ್ದವೂ ಇಲ್ಲ, ಉಸಿರು ಮಾತ್ರ. ದೊಡ್ಡಮ್ಮ ಮಂಚದ ತುದಿಯಲ್ಲಿ ನೆಟ್ಟಗೆ ಕೂತು, ಡೋರೀನ್ ಹೇಳಲಾಗದ್ದನ್ನೆಲ್ಲ ಅವಳ ಪರವಾಗಿ ಹೇಳುತ್ತಿದ್ದರು. ಪೂರ್ವದ ಓಟುಗಳ ವಿಷಯ ಹೇಳಿದರು. ಎಂಟು ಮನೆಗಳ ವಿಷಯ ಹೇಳಿದರು. ನಡುವೆ ನೀರು ಕುಡಿದು, ಮತ್ತೆ ಹೇಳಿದರು.

ಮುಗಿದ ಮೇಲೆ ಆ ಕಡೆಯಿಂದ ಮಗಳ ದನಿ ಬಂತು. "ಅಮ್ಮ ಇಲ್ಲ ಅಂತ ತಲೆ ಅಲ್ಲಾಡಿಸುತ್ತಿದ್ದಾರೆ, ಆಂಟಿ. ಎರಡನೇ ಪಾಯಿಂಟ್ ನೀವು ಸರಿಯಾಗಿ ಹೇಳಲಿಲ್ಲ ಅನ್ನಿಸುತ್ತೆ."

ದೊಡ್ಡಮ್ಮ ಸೆರಗಿನಲ್ಲಿ ಮುಖ ಒರೆಸಿಕೊಂಡರು.

"ಸರಿ ಡೋರೀನ್. ಮೊದಲಿಂದ ಹೇಳ್ತೀನಿ, ಕೇಳು" ಅಂದರು.