ಬಿಳಿ ಡಬ್ಬ, ಕರಿ ಡಬ್ಬ

'ಮನೆಮಂದಿಯೆಲ್ಲ ಒಟ್ಟಿಗೆ ಆಡಬಹುದು' ಎಂಬ ಒಂದು ಮಾತನ್ನು ವೆಂಕಟಗಿರಿ ಆಡದೆ ಇದ್ದಿದ್ದರೆ ಆ ಭಾನುವಾರ ಅವನಿಗೆ ಆ ಗತಿ ಬರುತ್ತಿರಲಿಲ್ಲ. ಆದರೆ ವಾದದಲ್ಲಿ ಗೆಲ್ಲುವ ಅವಕಾಶ ಸಿಕ್ಕಿದರೆ ಸುಮ್ಮನಿರುವ ನಾಲಿಗೆ ಅವನದಲ್ಲ.

ಟಿವಿಗೆ ಸಿಕ್ಕಿಸಿ ಆಡುವ ವಿಡಿಯೊ ಗೇಮಿನ ಡಬ್ಬವೊಂದು ಬೇಕೆಂಬುದು ಅವನ ಬಹುದಿನದ ಆಸೆ. ವಾರಕ್ಕೊಂದು ರಜೆ. ಆ ದಿನ ಕಾಲು ಚಾಚಿ ಕೂತು, ಯಾರ ಕಾಟವೂ ಇಲ್ಲದೆ, ಒಬ್ಬನೇ ಫುಟ್‌ಬಾಲ್ ಆಡಬೇಕು. ಅಷ್ಟೇ. ಯಾವ ಡಬ್ಬ ಕೊಳ್ಳಬೇಕು ಎಂಬುದರ ಮೇಲೆ ಆಫೀಸಿನ ಗೆಳೆಯ ಯಶ್ವಂತನ ಜೊತೆ ಟೀ ಆರಿಹೋಗುವಷ್ಟು ಹೊತ್ತು ಜಗಳವಾಡಿದ್ದ.

"ಬಿಳಿ ಡಬ್ಬ ತಗೋಬೇಡ ಗುರು," ಎಂದಿದ್ದ ಯಶ್ವಂತ. "ಅದಕ್ಕೆ ಆ ಕಂಪನಿಯವ್ರೇ ಗೇಮ್ ಮಾಡ್ಕೋಬೇಕು. ಹೊರಗಿನ ಕಂಪನಿಗಳು ತಿರುಗೂ ನೋಡಲ್ಲ. ನನ್ ಕರಿ ಡಬ್ಬಕ್ಕೆ ನೋಡು, ಪ್ರಪಂಚದಲ್ಲಿರೋರೆಲ್ಲ ಗೇಮ್ ಮಾಡ್ತಾರೆ."

"ಊರೋರೆಲ್ಲ ಸೌಟು ಹಾಕಿದ್ರೆ ಸಾರು ರುಚಿಯಾಗ್ಬಿಡುತ್ತಾ? ಇವ್ರು ಮಾಡೋದು ನಾಕೇ ಆದ್ರೂ ಒಂದೊಂದೂ ಚಿನ್ನ. ಮೇಲಾಗಿ ಮನೆಮಂದಿಯೆಲ್ಲ ಒಟ್ಟಿಗೆ ಆಡ್ಬೋದು ಮಗಾ!"

ಅದೇ ಮಾತನ್ನು ಹೇಳಿ ಹೆಂಡತಿ ಅನುವಿನ ಒಪ್ಪಿಗೆಯನ್ನೂ ಗಿಟ್ಟಿಸಿದ. ಶನಿವಾರ ಸಂಜೆ ಬಿಳಿ ಡಬ್ಬ ಮೂಡಲಪಾಳ್ಯದ ಬಾಡಿಗೆ ಮನೆಗೆ ಬಂತು.

ಭಾನುವಾರ ಬೆಳಗ್ಗೆ ಅವನು ಟಿವಿ ಹಾಕುವಷ್ಟರಲ್ಲಿ ಕೆಳಗಿನ ಮನೆಯ ನಂಜುಂಡಪ್ಪ ಮೆಟ್ಟಿಲು ಹತ್ತಿ ಬಂದರು. ಮೂಡಲಪಾಳ್ಯ ಹಳ್ಳಿಯಾಗಿದ್ದ ಕಾಲಕ್ಕೆ ಅಲ್ಲಿ ರಾಗಿ ಬೆಳೆದವರು, ಈಗ ಅದೇ ನೆಲದಲ್ಲಿ ಬಾಡಿಗೆದಾರರನ್ನು ಬೆಳೆದಿದ್ದರು. ಮೇಲಿನ ಮನೆಗೆ ಗ್ಯಾಸ್ ಸಿಲಿಂಡರ್ ಬಂದರೂ ಬಂದು ನೋಡಿಹೋಗುವುದು ಅವರ ಪದ್ಧತಿ.

"ಮನೆಮಂದಿಯೆಲ್ಲ ಆಡೋ ಆಟವಂತೆ? ಅನು ಹೇಳಿದ್ಳು."

"ಹೂಂ ಅಂಕಲ್, ಅದು ನಮ್ಮ ಮನೆಮಂದಿ..."

"ಮನೆ ಯಾರ್ದಪ್ಪಾ?"

"ನಿಮ್ದೇ."

"ಮತ್ತೆ?" ಎಂದು ನಂಜುಂಡಪ್ಪ ಸೋಫಾದ ಮೇಲೆ ಕೂತರು.

ಅವರ ಹೆಂಡತಿ ವಿಮಲಮ್ಮ ಕುಂಕುಮದ ಬಟ್ಟಲು ಹಿಡಿದೇ ಬಂದಿದ್ದರು. ಹೊಸ ಮೆಷಿನ್ನನ್ನು ಪೂಜೆ ಇಲ್ಲದೆ ಶುರು ಮಾಡುವುದುಂಟೇ? ಡಬ್ಬದ ಹಣೆಗೆ ಮೂರು ಬೊಟ್ಟು ಬಿತ್ತು, ಎದುರಿಗೊಂದು ನಿಂಬೆಹಣ್ಣು ಬಂತು.

"ಇದ್ರಲ್ಲಿ ಡಿವಿಡಿ ಹಾಕ್ಬೋದೇನಪ್ಪಾ? ನಮ್ಮ ಪ್ಲೇಯರ್ ಕೆಟ್ಟೋಗಿ ಮಗಳು ಲಕ್ಷ್ಮಿ ಮದುವೆ ನೋಡಿ ಎಷ್ಟು ದಿನ ಆಯ್ತೋ."

"ಇಲ್ಲ ಆಂಟಿ, ಇದು ಬರೀ ಆಟಕ್ಕೆ."

"ಹೋಗ್ಲಿ ಬಿಡು, ಆಡೋಣ," ಎಂದು ಅವರು ಸೆರಗು ಸಿಕ್ಕಿಸಿದರು.

ಬಿಳಿ ಡಬ್ಬದ ವಿಶೇಷವೆಂದರೆ ರಿಮೋಟು ಹಿಡಿದು ಕೈ ಬೀಸಿದರೆ ಸಾಕು, ಟಿವಿಯೊಳಗಿನ ಗೊಂಬೆಯೂ ಬೀಸುತ್ತದೆ. ಕಲಿಯುವುದಕ್ಕೆ ಏನೂ ಇಲ್ಲ. ಗೂಟ ಬೀಳಿಸುವ ಬೌಲಿಂಗ್ ಆಟದಲ್ಲಿ ನಂಜುಂಡಪ್ಪ ಪಂಚೆ ಎತ್ತಿ ಕಟ್ಟಿ ಚೆಂಡು ಉರುಳಿಸಿದರೆ ಗೂಟಗಳೆಲ್ಲ ಒಟ್ಟಿಗೆ ಮಗುಚಿದವು. ಅವರ ಕೇಕೆಗೆ ಎದುರು ಮನೆಯ ರಾಮಮ್ಮ ಹುರುಳಿಕಾಯಿ ಮೊರ ಸಮೇತ ಓಡಿಬಂದರು. ಅನು ಎಲ್ಲರಿಗೂ ಕಾಫಿ ಮಾಡಿದಳು, ಆಮೇಲೆ ತಾನೂ ಆಡಿದಳು. ವೆಂಕಟಗಿರಿ ತನ್ನ ಸರದಿಗೆ ಕಾಯುತ್ತಾ ರಾಮಮ್ಮನವರ ಹುರುಳಿಕಾಯಿ ಬಿಡಿಸಿದ.

"ಆಂಟಿ, ಈಗ ನಾನು..."

"ಇರಪ್ಪಾ, ಇದೊಂದು ಆಟ."

ಟೆನಿಸ್‌ನಲ್ಲಿ ವಿಮಲಮ್ಮ ಒಗೆಯುವ ಕಲ್ಲಿಗೆ ಬಟ್ಟೆ ಬಡಿದಂತೆ ರಿಮೋಟು ಬೀಸಿದರು. ಟಿವಿಯಲ್ಲಿ ಪಾಯಿಂಟು ಬಂತು. ಇತ್ತ ವೆಂಕಟಗಿರಿಯ ಕನ್ನಡಕ ಹಾರಿ ಹುರುಳಿಕಾಯಿಯ ಮೊರಕ್ಕೆ ಬಿತ್ತು. "ಅಡ್ಡ ಕೂತ್ರೆ ಹೆಂಗಪ್ಪಾ?" ಎಂದರು ನಂಜುಂಡಪ್ಪ.

ಅವನಿಗೆ ಅಳು ಬರುವುದೊಂದು ಬಾಕಿ. ಕನ್ನಡಕ ಒರೆಸಿಕೊಳ್ಳುವಾಗಲೇ ಯಶ್ವಂತನ ಕರಿ ಡಬ್ಬ ನೆನಪಾಯಿತು. ಅದರ ರಿಮೋಟಿನ ತುಂಬ ಬಟನ್ನುಗಳು. ನೋಡಿದರೇ ಹಿರಿಯರಿಗೆ ತಲೆ ತಿರುಗಬೇಕು. ಯಾರೂ ಮುಟ್ಟುವುದಿಲ್ಲ!

ಊಟಕ್ಕೆಂದು ಎಲ್ಲರೂ ಚದುರಿದ್ದೇ ತಡ, ಡಬ್ಬವನ್ನು ಚೀಲಕ್ಕೆ ತುಂಬಿ ಸ್ಕೂಟರ್ ಹತ್ತಿ ವಿಜಯನಗರಕ್ಕೆ ಹೋದ.

"ನೀನು ಹೇಳಿದ್ದೇ ಸರಿ ಕಣೋ," ಎಂದ ಬಾಗಿಲಲ್ಲೇ. ಅವನ ಜೀವಮಾನದಲ್ಲಿ ಆ ಮಾತು ಅದೇ ಮೊದಲು. "ಹೊರಗಿನ ಕಂಪನಿ ಗೇಮ್ಸ್ ಇಲ್ದೆ ಏನು ಸುಖ? ಬದಲಾಯಿಸ್ಕೊಳ್ಳೋಣ್ವಾ?"

ಯಶ್ವಂತ ಗೇಲಿ ಮಾಡುತ್ತಾನೆ, ಗಂಟೆಗಟ್ಟಲೆ ಭಾಷಣ ಬಿಗಿಯುತ್ತಾನೆ ಎಂದುಕೊಂಡಿದ್ದ. ಯಶ್ವಂತ ಸೀದಾ ಒಳಗೆ ಓಡಿ, ಕರಿ ಡಬ್ಬ, ವೈರು, ಫುಟ್‌ಬಾಲ್ ಗೇಮು ಎಲ್ಲ ತಂದು ಸ್ಕೂಟರಿನ ಮೇಲಿಟ್ಟ.

ಒಳಗಿನಿಂದ ಅವನ ತಾಯಿಯ ದನಿ ಬಂತು: "ಯಶ್ವಂತಾ, ಅದನ್ನ ಎಲ್ಲಿಗೆ ತಗೊಂಡ್ ಹೋಗ್ತಾ ಇದೀಯೋ? ನಿಮ್ಮಕ್ಕನ ಸೀಮಂತ ನೋಡೋದು ಇನ್ನೂ ಅರ್ಧ ಇದೆ!"

"ಏನ್ ಅದು?" ಎಂದ ವೆಂಕಟಗಿರಿ.

"ಏನಿಲ್ಲ ಗುರು, ಅಮ್ಮ ಹಂಗೇ. ನೀನ್ ಗಾಡಿ ಸ್ಟಾರ್ಟ್ ಮಾಡು."

ಸಂಜೆಗೆ ಎಲ್ಲರೂ ಮತ್ತೆ ಹಾಜರು. ವೆಂಕಟಗಿರಿ ಧೈರ್ಯವಾಗಿ ಹೊಸ ರಿಮೋಟನ್ನು ನಂಜುಂಡಪ್ಪನವರ ಕೈಗೇ ಕೊಟ್ಟ. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿದರು.

"ಏನಪ್ಪಾ ಇದು, ನನ್ ಅಂಗಿಗೂ ಇಷ್ಟು ಗುಂಡಿ ಇಲ್ಲ. ಬೆಳಗ್ಗೆ ಇದ್ದಿದ್ದು ಏನಾಗಿತ್ತು?"

"ಇದು ಅದಕ್ಕಿಂತ ಒಳ್ಳೇದು ಅಂಕಲ್. ಎಲ್ಲಾ ಕಂಪನಿಯವ್ರೂ ಇದಕ್ಕೆ ಗೇಮ್ ಮಾಡ್ತಾರೆ."

"ನಮಗೆ ಆಗಲ್ಲ ಬಿಡು," ಎಂದು ಅವರು ಎದ್ದರು. ವಿಮಲಮ್ಮ, ರಾಮಮ್ಮ ಹಿಂದೆಯೇ ಹೊರಟರು. ವೆಂಕಟಗಿರಿ ಕಾಲು ಚಾಚಿದ. ಟಿವಿಯಲ್ಲಿ ಹಸಿರು ಮೈದಾನ ತೆರೆದುಕೊಂಡಿತು. ಅವನಿಗಾದ ಸಂತೋಷ ಅಷ್ಟಿಷ್ಟಲ್ಲ.

"ಒಳ್ಳೇದಂತೆ, ಒಳ್ಳೇದು," ಎಂದು ಅನು ಮೂತಿ ತಿರುವಿದಳು. "ಅದ್ರಲ್ಲಿ ಎಲ್ರೂ ಆಡ್ತಿದ್ರು. ಇದು ಬರೀ ನಿಮ್ಮ ಫುಟ್‌ಬಾಲ್‌ಗೆ ತಾನೇ?"

ಸುಮ್ಮನಿರಬಹುದಿತ್ತು. ಆದರೆ ಅದು ವಾದ.

"ಬರೀ ಫುಟ್‌ಬಾಲಾ? ಆ ಬಿಳಿ ಡಬ್ಬಕ್ಕೆ ಏನೇ ಬರುತ್ತೆ? ಇದು ಗೇಮೂ ಆಡ್ಸುತ್ತೆ, ಸಿಡಿನೂ ಹಾಡುತ್ತೆ, ಡಿವಿಡಿ ಹಾಕಿದ್ರೆ ಸಿನಿಮಾನೂ..."

ಮೆಟ್ಟಿಲಿಳಿಯುತ್ತಿದ್ದ ವಿಮಲಮ್ಮನವರ ಚಪ್ಪಲಿ ಸದ್ದು ತಟ್ಟನೆ ನಿಂತಿತು.

ಲಕ್ಷ್ಮಿಯ ಮದುವೆ ನಾಲ್ಕು ಡಿವಿಡಿ ಇತ್ತು. ಚಪ್ಪರದ ದಿನದಿಂದಲೇ ಶುರು. ಸೋಫಾ ತುಂಬಿತು, ಚಾಪೆ ಹಾಸಿದರು, ಚಕ್ಕುಲಿ ಬಂತು. ಡಬ್ಬದ ಹಣೆಗೆ ಮತ್ತೆ ಮೂರು ಬೊಟ್ಟು ಬಿತ್ತು. ವೆಂಕಟಗಿರಿ ರಿಮೋಟನ್ನು ಮೆಲ್ಲಗೆ ಟೀಪಾಯಿ ಮೇಲಿಟ್ಟು ಬಾಗಿಲ ಕಡೆ ಸರಿದ.

"ಎಲ್ಲೋಗ್ತೀಯಪ್ಪಾ? ಅಷ್ಟೊಂದು ಗುಂಡಿ ಯಾರಿಗೆ ಬರುತ್ತೆ?" ನಂಜುಂಡಪ್ಪ ಅವನ ಕೈ ಹಿಡಿದು ಕೂರಿಸಿದರು. "ನೀನೇ ಇಟ್ಕೊ. ನಾವ್ಯಾರೂ ಮುಟ್ಟಲ್ಲ."

"ಸ್ವಲ್ಪ ಹಿಂದಕ್ಕೆ ಹಾಕು," ಎಂದರು ವಿಮಲಮ್ಮ. "ರಾಮಮ್ಮ ನಮ್ಮ ಬೀಗಿತ್ತಿ ಸೀರೆ ಸರಿಯಾಗಿ ನೋಡ್ಲಿಲ್ಲ."

ವೆಂಕಟಗಿರಿ ಹಿಂದಕ್ಕೆ ಹಾಕಿದ.