ದೊಣೆ ಹತ್ತಿರ ಕುಡಿ

ಕೇಳಿಕೊಂಡು ಹೋದವರು ದಾರಿ ತಪ್ಪುವುದಿಲ್ಲ ಎನ್ನುತ್ತಾರೆ. ಕೋಲಾರದ ಬೆಟ್ಟಗಳಲ್ಲಿ ನಾನು ತಪ್ಪಿದ್ದೆಲ್ಲ ಕೇಳಿಕೊಂಡು ಹೋಗಿಯೇ.

ನಮ್ಮ ಬಡಾವಣೆಯ ಹನ್ನೆರಡು ಹೆಂಗಸರು ಭಾನುವಾರ ಬೆಟ್ಟ ಹತ್ತುತ್ತೇವೆ. ಕಾನ್ವೆಂಟಿನಲ್ಲಿ ಶಿಸ್ತು ಕಲಿತವಳು ನಾನೊಬ್ಬಳೇ ಆದ್ದರಿಂದ ಮುಂದಾಳು ನಾನು. ವಿಸಿಲ್ ನನ್ನ ಕೊರಳಲ್ಲಿ. ಎದುರುಮನೆಯಾಕೆಗೆ ಅದರ ಮೇಲೇ ಕಣ್ಣು. "ಮೇಡಂ, ಒಂದೇ ಒಂದು ಸಲ ದಾರಿ ತಪ್ಪಿಸಿದ್ರೆ ವಿಸಿಲ್ ನನಗೆ" ಎಂದು ಎಲ್ಲರೆದುರು ಪಂಥ ಕಟ್ಟಿದರು.

"ಧಾರಾಳವಾಗಿ" ಎಂದೆ.

೧. ಎಷ್ಟು ದೂರ?

ಬೆಟ್ಟದ ಮೇಲಿನ ಹಳ್ಳಿಗೆ ಹೊಸ ದಾರಿ ಗುರುತಿಸಲು ಗುರುವಾರ ಒಬ್ಬಳೇ ಹೋದೆ. ಬೇಸಾಯಗಾರರೊಬ್ಬರು ಹುಲ್ಲು ಕೊಯ್ಯುತ್ತಿದ್ದರು. ಇನ್ನೆಷ್ಟು ದೂರ ಎಂದೆ.

"ಇಲ್ಲೇ ಕಣಮ್ಮ."

"'ಇಲ್ಲೇ' ಎಂಬುದು ಅಳತೆಯಲ್ಲ. ಎಷ್ಟು ಹೊತ್ತು, ಸರಿಯಾಗಿ ಹೇಳಿ."

"ನಾವ್ ನಡೆದ್ರೆ ಅರ್ಧ ಗಂಟೆ." ನನ್ನನ್ನು ಬೂಟಿನಿಂದ ಟೋಪಿಯವರೆಗೆ ನೋಡಿದರು. "ನೀವಾ? ಊಟ ತಂದಿದೀರಾ?"

೨. ಬಾಣ

ತಂದಿರಲಿಲ್ಲ. ಹಾಗಾಗಿ ಅರ್ಧ ದಾರಿಯವರೆಗೆ ಮಾತ್ರ ಬದಿಯ ಕಲ್ಲುಗಳ ಮೇಲೆ ಸುಣ್ಣದಲ್ಲಿ ಬಾಣ ಬರೆದು ಹಿಂತಿರುಗಿದ್ದೆ. ಭಾನುವಾರ ತಂಡದೊಂದಿಗೆ ಬಂದರೆ ಒಂದು ಬಾಣ ಆಕಾಶ ತೋರಿಸುತ್ತಿತ್ತು, ಇನ್ನೊಂದು ನಮ್ಮನ್ನೇ. ಅದೇ ಬೇಸಾಯಗಾರರನ್ನು ಕೇಳಿದೆ.

"ಅಯ್ಯೋ, ಅದು ನಿಮ್ದಾ? ಸರ್ವೆಯೋರು ಹಾಕವ್ರೆ, ಹೊಲ ಹೋಯ್ತದೆ ಅಂತ, ನಮ್ ಹೊಲದ ಕಡೆ ಇದ್ದ ಕಲ್ಲನ್ನ ಪಕ್ಕದೋನ ಹೊಲದ ಕಡೆ ತಿರುಗಿಸಿದೆ."

"ಆಮೇಲೆ?"

"ಅವನು ಸುಮ್ನಿರ್ತಾನಾ? ಮೂರು ದಿನದಿಂದ ತಿರುಗಿಸ್ತಾನೇ ಇದೀವಿ!"

೩. ಕುಡಿ

ಇನ್ನು ಕೇಳದೆ ಗತಿಯಿಲ್ಲ. ಮೇಲೆ ಅಜ್ಜಿಯೊಬ್ಬಳು ಕುರಿ ಮೇಯಿಸುತ್ತಿದ್ದಳು. ಆಂಧ್ರದ ಗಡಿ ಹತ್ತಿರವಾದ್ದರಿಂದ ಇಲ್ಲಿನವರ ಕನ್ನಡದೊಳಗೆ ತೆಲುಗು ಯಾವಾಗ ನುಗ್ಗುತ್ತದೋ ತಿಳಿಯದು.

"ಮುಂದೆ ಬಂಡೆ ಮೇಲೆ ನೀರಿನ ದೊಣೆ ಐತೆ. ಅಲ್ಲಿ ಕುಡಿ. ಮರೀಬ್ಯಾಡ, ಕುಡಿ!"

ಏಕವಚನ ನನಗೆ ಹಿಡಿಸಲಿಲ್ಲ. "ಅಜ್ಜಿ, ಪರಿಚಯವಿಲ್ಲದ ಹೆಂಗಸರಿಗೆ 'ಕುಡಿ' ಎನ್ನಬಾರದು. 'ಕುಡಿಯಿರಿ' ಎನ್ನಬೇಕು."

ಅಜ್ಜಿ ಬಾಯಿ ತೆರೆದು ನೋಡಿದಳು. ಹಿಂದೆ ಎದುರುಮನೆಯಾಕೆ ಕೆಮ್ಮಿದರು.

ದೊಣೆಯ ನೀರಿನಲ್ಲಿ ಕಪ್ಪೆಮರಿಗಳಿದ್ದವು. ಆದರೂ ಹಿರಿಯರ ಮಾತು. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ವಿಸಿಲ್ ಊದಿ, ಅವರವರ ಬಾಟಲಿಯಿಂದ ಕುಡಿಸಿದೆ. ಅಲ್ಲಿ ದಾರಿ ಎರಡಾಗಿತ್ತು. ಅಗಲವಾಗಿ ಕಂಡ ಎಡಗಡೆಯದನ್ನು ಹಿಡಿದೆ. ಮುಕ್ಕಾಲು ಗಂಟೆ ಮುಳ್ಳಿನಲ್ಲಿ ನಡೆದು ಪೊದೆ ದಾಟಿದರೆ, ಎದುರಿಗೆ ಅದೇ ಕುರಿಗಳು. ಅದೇ ಅಜ್ಜಿ.

"ಕುಡಿ ಅಂದ್ನಲ್ಲಮ್ಮ!"

"ಕುಡಿದೆವು! ಹನ್ನೆರಡು ಜನವೂ ಕುಡಿದೆವು!"

ಅಜ್ಜಿ ಬಲಗೈ ಎತ್ತಿ ಅಲ್ಲಾಡಿಸಿದಳು. "ಇದಮ್ಮಾ ಕುಡಿ!"

ತೆಲುಗಿನಲ್ಲಿ ಕುಡಿ ಎಂದರೆ ಬಲಗಡೆ ಎಂದು ವಿವರಿಸಿದವರು ಎದುರುಮನೆಯಾಕೆ. ಅವರ ತವರು ಮುಳಬಾಗಿಲು, ಮನೆಮಾತೇ ತೆಲುಗು.

"ಆಗಲೇ ಹೇಳಬಾರದಿತ್ತೇ?"

"ಸಾಲಿನಲ್ಲಿ ಮಾತಾಡಬಾರದು ಅಂತ ನೀವೇ ಅಲ್ವಾ ಮೇಡಂ ನಿಯಮ ಮಾಡಿದ್ದು?"

ಕೊಟ್ಟ ಮಾತು ಮಾತೇ. ವಿಸಿಲ್ ತೆಗೆದು ಅವರ ಕೊರಳಿಗೆ ಹಾಕಿ, ಸಾಲಿನ ಕೊನೆಯಲ್ಲಿ ತಲೆ ಎತ್ತಿಯೇ ನಿಂತೆ. ಅಜ್ಜಿಗೆ ಕನಿಕರ ಬಂದಿರಬೇಕು. ನನ್ನ ಹತ್ತಿರ ಬಂದು, ನಾನು ಕಲಿಸಿದ ಪಾಠವನ್ನು ಮರೆಯದೆ, ಬಹಳ ಮರ್ಯಾದೆಯಿಂದ ಹೇಳಿದಳು:

"ಈ ಸಲ ದೊಣೆ ಹತ್ರ ಎಲ್ರೂ ಸರಿಯಾಗಿ ಕುಡಿಯಿರಿ ಅಮ್ಮಾ!"