ಇನ್ನೂ ಹುಟ್ಟದ ಸರ್ಟಿಫಿಕೇಟು

2007ನೇ ಇಸವಿ ಜುಲೈ ತಿಂಗಳ ಎರಡನೇ ಸೋಮವಾರ, ಇಟ್ಟಮಡುವಿನ ನಿಶ್ಚಿಂತೆ ಪತ್ತಿನ ಸಹಕಾರ ಸಂಘದ ವೆಬ್‌ಸೈಟನ್ನು ಸದಸ್ಯರ ಸೇವೆಗೆ ಸಮರ್ಪಿಸಲಾಯಿತು. ಮನೆಯಲ್ಲೇ ಕೂತು ಸಾಲದ ಕಂತು ಕಟ್ಟಬಹುದಾದ ಈ ವೆಬ್‌ಸೈಟು ಎಲ್ಲರ ಕಂಪ್ಯೂಟರಿನಲ್ಲೂ ಸರಿಯಾಗಿ ತೆರೆದುಕೊಂಡಿತು, ಸಂಘದ ಕಚೇರಿಯದೊಂದನ್ನು ಬಿಟ್ಟು. ಅಲ್ಲಿ ಮಾತ್ರ, ಪುಟ ಸುರಕ್ಷಿತ ಎಂದು ತೋರಿಸುವ ಪುಟ್ಟ ಬೀಗದ ಬದಲು, ವೆಬ್‌ಸೈಟು ಅಸಲಿ ಎಂದು ಸಾರುವ ಸರ್ಟಿಫಿಕೇಟಿನ ಅವಧಿ ಇನ್ನೂ ಆರಂಭವಾಗಿಲ್ಲ ಎಂಬ ಎಚ್ಚರಿಕೆ ಬರುತ್ತಿತ್ತು.

ವೆಬ್‌ಸೈಟಿಗೆ ಜಾಗ ಕೊಟ್ಟಿದ್ದ ಹೋಸ್ಟಿಂಗ್ ಕಂಪನಿ ಬಿಟಿಎಂ ಲೇಔಟಿನಲ್ಲಿ ಒಂದು ಬೇಕರಿಯ ಮೇಲಿತ್ತು. ದೂರು ಗುರುಸಿದ್ದನ ಪಾಲಿಗೆ ಬಂತು. ಗದಗಿನವನು, ಬಿಎಸ್ಸಿ ಓದಿದವನು, ಪ್ರೊಬೇಷನ್ ಮುಗಿಯುವ ಹೊತ್ತಿನಲ್ಲಿದ್ದವನು.

"ಕೆಲಸ ಮುಗೀತು ಅಂತ ಅವರಿಂದ ಒಂದ್ ಲೆಟರ್ ತಗೊಂಡ್ಬಾ ಮಗಾ, ಕನ್ಫರ್ಮ್ ಮಾಡ್ತೀನಿ," ಎಂದ ಮಾಲೀಕ ವಿಶ್ರುತ್. "ಇಲ್ಲಾಂದ್ರೆ ತಿಂಗಳ ಕೊನೇಲಿ ಗದಗಿನ ಟ್ರೇನು. ಟಿಕೆಟ್ ಬೇಕಾದ್ರೆ ನಾನೇ ಬುಕ್ ಮಾಡ್ತೀನಿ."

ಗುರುಸಿದ್ದ ಸರ್ಟಿಫಿಕೇಟನ್ನು ತೆಗೆದು ಮತ್ತೆ ಹಾಕಿದ. ಸರ್ವರನ್ನು ಆರಿಸಿ ಹಚ್ಚಿದ. ಎಚ್ಚರಿಕೆ ಅಲ್ಲಾಡಲಿಲ್ಲ. ಕೊನೆಗೆ ಬಸ್ಸು ಹತ್ತಿ ಇಟ್ಟಮಡುವಿಗೆ ಹೋಗಿ, ಸಂಘದ ಕಂಪ್ಯೂಟರಿನ ಮೂಲೆಯ ಗಡಿಯಾರದ ಮೇಲೆ ಮೌಸ್ ಇಟ್ಟ. 14 ಜನವರಿ 2003 ಎಂದಿತ್ತು.

"ಮೇಡಂ, ತಾರೀಖು ತಪ್ಪೈತ್ರಿ."

"ತಪ್ಪಲ್ಲಪ್ಪ, ನಾನೇ ಇಟ್ಟಿರೋದು," ಎಂದರು ಲೆಕ್ಕ ನೋಡುವ ಚೂಡಾಮಣಿ. "ದಿನಾ ಇಡ್ತೀನಿ."

ವಿಷಯ ಸರಳವಾಗಿತ್ತು. ಲೆಕ್ಕಪತ್ರದ ಸಾಫ್ಟ್‌ವೇರನ್ನು 2003ರ ಜನವರಿಯಲ್ಲಿ ಒಂದು ತಿಂಗಳ ಟ್ರಯಲ್ ಮೇಲೆ ಉಚಿತವಾಗಿ ತರಲಾಗಿತ್ತು. ಆ ತಿಂಗಳು ಮುಗಿಯಬಾರದೆಂದು, ಬೆಳಿಗ್ಗೆ ಗಣಪತಿಗೆ ದೀಪ ಹಚ್ಚಿದ ಕೂಡಲೇ ದಿನಾಂಕವನ್ನು ಹಿಂದಕ್ಕೆ ಇಡುವ ಪದ್ಧತಿ ಬೆಳೆದು ಬಂದಿತ್ತು. ರಸೀದಿಯ ಮೇಲೆ ಅಸಲಿ ತಾರೀಖಿನ ಸೀಲು ಒತ್ತುತ್ತಿದ್ದರು.

"ಜನವರಿ ಹದಿನಾಲ್ಕೇ ಯಾಕ್ರಿ?"

"ಸಂಕ್ರಾಂತಿ ಅಲ್ವೇನಪ್ಪ. ಒಳ್ಳೇ ದಿನ."

2007ರಲ್ಲಿ ಹುಟ್ಟಿದ ಸರ್ಟಿಫಿಕೇಟು 2003ರ ಕಂಪ್ಯೂಟರಿನ ಕಣ್ಣಿಗೆ ಇನ್ನೂ ಹುಟ್ಟಿರಲಿಲ್ಲ. ಗುರುಸಿದ್ದ ದಿನಾಂಕ ಸರಿ ಮಾಡಿದ. ಬೀಗ ಕಾಣಿಸಿಕೊಂಡಿತು. ಅದೇ ಕ್ಷಣ ಲೆಕ್ಕದ ಸಾಫ್ಟ್‌ವೇರು ಟ್ರಯಲ್ ಮುಗಿಯಿತೆಂದು ಘೋಷಿಸಿ ಬಾಗಿಲು ಹಾಕಿಕೊಂಡಿತು. ಚೂಡಾಮಣಿಯವರ ಮುಖ ನೋಡಲಾಗದೆ ಅವನು ದಿನಾಂಕವನ್ನು ಮತ್ತೆ ಸಂಕ್ರಾಂತಿಗೆ ತಂದಿಟ್ಟ.

"ಸಾಫ್ಟ್‌ವೇರ್ ಕೊಂಡುಬಿಡ್ರಿ ಸರ," ಎಂದ, ಆಗಷ್ಟೇ ಒಳಬಂದ ಅಧ್ಯಕ್ಷರಿಗೆ.

"ಕೊಳ್ಳೋದಾ?" ಅಧ್ಯಕ್ಷ ಸೇತುರಾಮಯ್ಯ ಬೆಚ್ಚಿಬಿದ್ದರು. "ಟ್ರಯಲ್ಲೇ ಇನ್ನೂ ಮುಗ್ದಿಲ್ವಲ್ಲಯ್ಯ!"

ಮರುದಿನ ಆಡಳಿತ ಮಂಡಳಿ ತುರ್ತು ಸಭೆ ಸೇರಿ ಈ ಕೆಳಕಂಡಂತೆ ಠರಾಯಿಸಿತು: "ಕಚೇರಿಯ ಅಧಿಕೃತ ದಿನಾಂಕವು 14-1-2003 ಆಗಿರುವುದರಿಂದ, ಸರ್ಟಿಫಿಕೇಟು ಕಚೇರಿಗೆ ಹೊಂದಿಕೊಳ್ಳತಕ್ಕದ್ದೇ ಹೊರತು ಕಚೇರಿಯು ಸರ್ಟಿಫಿಕೇಟಿಗೆ ಹೊಂದಿಕೊಳ್ಳತಕ್ಕದ್ದಲ್ಲ."

ಸರ್ಟಿಫಿಕೇಟು ಮಾರುವವರು ಹಿಂದಿನ ತಾರೀಖು ಹಾಕಿಕೊಡಲು ಒಪ್ಪಲಿಲ್ಲ. ಗುರುಸಿದ್ದನಿಗೆ ಟ್ರೇನು ಕಣ್ಣ ಮುಂದಿತ್ತು. ಅವನು ಕಂಪನಿಯ ಒಂದು ಕಂಪ್ಯೂಟರಿನ ದಿನಾಂಕ ಹಿಂದಿಟ್ಟು, ಸಂಘದ ಹೆಸರಿನಲ್ಲಿ ಸಂಘವೇ ತನಗೆ ಕೊಟ್ಟುಕೊಂಡಂಥ ಸರ್ಟಿಫಿಕೇಟನ್ನು ತಯಾರಿಸಿದ. ಅದರ ಆಯುಸ್ಸು 2003ರಿಂದ ಹತ್ತು ವರ್ಷ. ಹಳೆಯದನ್ನು ತೆಗೆದು ವೆಬ್‌ಸೈಟಿಗೆ ಅದನ್ನೇ ಹಾಕಿ, ಇದನ್ನು ನಂಬು ಎಂದು ಸಂಘದ ಕಂಪ್ಯೂಟರಿಗೆ ಕೈಯಾರೆ ಹೇಳಿಕೊಟ್ಟ. ಕಚೇರಿಯ ಪರದೆಯ ಮೇಲೆ ಬೀಗ ಬಂತು. ಈಗ ಸದಸ್ಯರ ಮನೆಗಳಲ್ಲಿ ಎಚ್ಚರಿಕೆ ಶುರುವಾಯಿತು: ಇದನ್ನು ಕೊಟ್ಟವರು ನಂಬಿಕಸ್ಥರಲ್ಲ, ಮುಂದುವರಿಯುವಿರಾ?

ಸಂಘ ಕೂಡಲೇ ಪ್ರಕಟಣೆ ಹೊರಡಿಸಿತು: "ಸದರಿ ಪ್ರಶ್ನೆಗೆ ಸದಸ್ಯರು 'ಹೌದು' ಎಂದೇ ಒತ್ತತಕ್ಕದ್ದು. 'ಇಲ್ಲ' ಎಂದು ಒತ್ತುವವರು ಆಡಳಿತ ಮಂಡಳಿಯ ಮೇಲೆ ಅವಿಶ್ವಾಸ ವ್ಯಕ್ತಪಡಿಸಿದ್ದಾರೆಂದು ಭಾವಿಸಿ, ಕಾರಣ ಕೇಳಿ ನೋಟೀಸು ನೀಡಲಾಗುವುದು."

ಸುಬ್ರಹ್ಮಣ್ಯಪುರದ ಸದಸ್ಯ ಶಾಮಣ್ಣ 'ಇಲ್ಲ' ಒತ್ತಿ ಕಚೇರಿಗೇ ಬಂದರು. "ಸಾರ್, ಕಂಪ್ಯೂಟರೇ ನಿಮ್ಮನ್ನ ನಂಬಬೇಡ ಅಂತಿದೆ."

"ಕಂಪ್ಯೂಟರು ನಮ್ಮ ಸಂಘದ ಸದಸ್ಯಾನೇನ್ರೀ?" ಎಂದು ಕೇಳಿದರು ಸೇತುರಾಮಯ್ಯ.

"ಅಲ್ಲ."

"ಮತ್ತೆ? ಅದಕ್ಕೆ ಮಾತಾಡೋ ಹಕ್ಕೇ ಇಲ್ಲ."

ಶಾಮಣ್ಣ ಯೋಚಿಸಿ ನೋಡಿದರು. ಬೈಲಾ ಪ್ರಕಾರ ಅದು ಸರಿಯಾಗಿತ್ತು. ಮನೆಗೆ ಹೋಗಿ 'ಹೌದು' ಒತ್ತಿದರು.

ಚೂಡಾಮಣಿ ಕೆಲಸ ಮುಗಿದ ಪತ್ರವನ್ನು ಪ್ರಿಂಟು ತೆಗೆದು ಗುರುಸಿದ್ದನ ಕೈಗಿತ್ತರು. ಅವನು ಅದನ್ನು ಮಡಿಸದೆ, ಬಸ್ಸಿನಲ್ಲಿ ಎದೆಗೊತ್ತಿಕೊಂಡು ತಂದ. ವಿಶ್ರುತ್ ಓದಿದ.

"ನೀನು ಸೇರಿದ್ದು ಯಾವಾಗ ಗುರು?"

"ಈ ವರ್ಷ ಜನವರಿಯಾಗ್ರಿ."

"ಕೆಲಸ ಮುಗ್ದಿರೋದು 2003ರಲ್ಲಿ ಅಂತಿದೆ. ಆಗೆಲ್ಲಿದ್ದೆ?"

"ಗದಗಿನ್ಯಾಗ. ಪಿಯುಸಿ."

"ಹಂಗಾದ್ರೆ ಮಾಡಿದ್ದು ನೀನಲ್ಲ."

ಗುರುಸಿದ್ದ ಮತ್ತೆ ಇಟ್ಟಮಡುವಿಗೆ ಓಡಿದ. "ರಸೀದಿ ಮೇಲೆ ಹೊಡೀತೀರಲ್ರಿ ಮೇಡಂ, ಅದೇ ಸೀಲು ಇದಕ್ಕೂ ಒಂದು ಹೊಡೀರಿ."

"ಸೀಲು ರಸೀದಿಗೆ ಮಾತ್ರ. ಪತ್ರದ ತಾರೀಖು ಬದಲಾಯಿಸಿದ್ರೆ ಫೋರ್ಜರಿ ಆಗತ್ತಪ್ಪ," ಎಂದರು ಚೂಡಾಮಣಿ. ಅವರು ನಿಯಮದ ಹೆಂಗಸು.

ವಿಶ್ರುತ್ ಕೆಟ್ಟವನಲ್ಲ. ಒಂದು ಕಾಫಿ ಕುಡಿದು ದಾರಿ ಹುಡುಕಿದ. ಗುರುಸಿದ್ದನ ನೇಮಕದ ದಿನಾಂಕವನ್ನು 13-1-2003 ಎಂದು ತಿದ್ದಿದ. ಮರುದಿನವೇ ಕೆಲಸ ಮುಗಿಸಿದ್ದರಿಂದ 14ಕ್ಕೆ ಖಾಯಂ ಮಾಡಿದ.

"ಸರ, ಕಂಪನಿ ಶುರು ಆಗಿದ್ದೇ 2005ರಾಗ."

"ಕಂಪನಿಗಿಂತ ಸೀನಿಯರ್ ಆದೆ ಬಿಡು. ಸಖತ್ ಅಲ್ವಾ?"

ದಾಖಲೆಗಳು ಒಂದಕ್ಕೊಂದು ತಾಳೆಯಾಗಲೆಂದು ಕಂಪನಿಯ ಸಿಬ್ಬಂದಿ ವಿವರವಿದ್ದ ಕಂಪ್ಯೂಟರನ್ನೂ ಸಂಕ್ರಾಂತಿಗೆ ತಂದು ನಿಲ್ಲಿಸಲಾಯಿತು. ದಿನವೂ ಬೆಳಿಗ್ಗೆ ಅದರ ದಿನಾಂಕ ಹಿಂದಿಡುವುದು ಖಾಯಂ ನೌಕರನಾಗಿ ಗುರುಸಿದ್ದನ ಮೊದಲ ಜವಾಬ್ದಾರಿ. ಒಂದು ದಿನವೂ ಅವನು ತಪ್ಪಿಸಲಿಲ್ಲ.

ಮುಂದಿನ ವರ್ಷ ಅವನು ಸಂಬಳ ಹೆಚ್ಚಿಸಲು ಕೇಳಿದ. ವಿಶ್ರುತ್ ಬೇಸರಿಸದೆ ಕಂಪ್ಯೂಟರಿನಿಂದ ಅವನ ಸೇವಾ ವಿವರ ತೆಗೆಸಿ ತೋರಿಸಿದ. ಗುರುಸಿದ್ದ ಓದಿ, ಸರಿಯಾಗಿದೆ ಎಂದು ಸಹಿ ಮಾಡಿದ.

ಒಟ್ಟು ಸೇವಾವಧಿ: ಒಂದು ದಿನ.